ಓಟಕ್ಕೆ ನಿಂತವನು

ನನ್ನ ಚಷ್ಮಾ ಅಂಗಡಿಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ, ಒಂದು ಈಜುಗನ್ನಡಕ ತೂಗುಬಿದ್ದಿದೆ. ಒಣಗಲಿ ಎಂದು ಒಂದು ದಿನ ಹಾಕಿದ್ದು, ಅಲ್ಲೇ ಉಳಿಯಿತು. ಶಹಾಬಾದಿನ ಗಿರಾಕಿಗಳು ಒಳಗೆ ಬಂದವರು ಗಾಜಿನ ಕಪಾಟಿನ ಫ್ರೇಮುಗಳನ್ನೆಲ್ಲ ಬಿಟ್ಟು ಮೊದಲು ಅದನ್ನೇ ನೋಡುತ್ತಾರೆ. ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡ ಒಬ್ಬ ಅಜ್ಜಿ ಅದನ್ನು ಇಳಿಸಿಕೊಂಡು, ರಬ್ಬರು ಎಳೆದು ನೋಡಿ, "ಇದು ದೂರಂದೋ, ಹತ್ರಂದೋ?" ಎಂದು ಕೇಳಿದಳು. ನೀರಿನದು ಎಂದೆ. ಅವಳು ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿ, "ನೀರಾಗ ಏನ್ ಓದ್ತಾರ್ರಿ?" ಎಂದು ವಾಪಸು ಮೊಳೆಗೆ ಹಾಕಿದಳು. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬ ಅನುಮಾನ ಅವಳ ಮುಖದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅನುಮಾನದ ವಿಷಯದಲ್ಲಿ ನಾನು ಯಾರನ್ನೂ ದೂರುವಂತಿಲ್ಲ. ನಮ್ಮ ಸೀಮೆಯ ನೀರಿನಲ್ಲೇ ಸುಣ್ಣದ ಜೊತೆ ಅದೂ ಒಂದಿಷ್ಟು ಕರಗಿದೆ ಎಂದು ನನಗೆ ಅನಿಸುತ್ತದೆ. ವಾಡಿ ಸ್ಟೇಷನ್ನಿನಲ್ಲಿ ಮೈಕಿನವಳು ರೈಲು ಇಂಥ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೂರು ಭಾಷೆಯಲ್ಲಿ ಹೇಳಿದರೂ ನಾನು ಚಹಾದವನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಆಮೇಲೆ ಆ ಚಹಾದವನ ಮೇಲೂ ಸಂಶಯ ಬಂದು, ಗಂಟು ಹೊತ್ತವರು ಯಾವ ಕಡೆ ಮುಖ ಮಾಡಿ ನಿಂತಿದ್ದಾರೆ ಎಂದು ನೋಡುತ್ತೇನೆ. ಮಾವಿನಹಣ್ಣು ಸಿಹಿ ಎಂದು ಮಾರುವವನು ಆಣೆ ಹಾಕಿದರೆ ಅದು ಹುಳಿಯೆಂದು ಗ್ಯಾರಂಟಿ ಮಾಡಿಕೊಂಡು ಮುಂದೆ ಹೋಗುತ್ತೇನೆ. ಇಂಥ ನಾನೇ ಒಂದು ಚಳಿಗಾಲ ಇಡೀ ನಾಲ್ಕು ತಾಲ್ಲೂಕಿನ ಅನುಮಾನಕ್ಕೆ ಗುರಿಯಾದೆ. ಆ ಕಥೆಯನ್ನು ನಿಮಗೆ ಹೇಳಬೇಕು, ಏಕೆಂದರೆ ನೀವಾದರೂ ನಂಬಬಹುದು.

ಐವತ್ತು ಹತ್ತಿರ ಬಂದಾಗ ಮನುಷ್ಯನಿಗೆ ಏನಾದರೊಂದು ಹತ್ತಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ, ಕೆಲವರಿಗೆ ಭಜನೆ. ನನಗೆ ಟ್ರಯಥ್ಲಾನ್ ಹತ್ತಿಕೊಂಡಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಫೋನಿನಲ್ಲಿ ನನ್ನಷ್ಟೇ ಬಕ್ಕತಲೆಯ ಒಬ್ಬನನ್ನು ನೋಡಿದೆ. ಅವನು ಸಮುದ್ರದಲ್ಲಿ ಈಜಿ ಎದ್ದು, ಮೈ ಒರೆಸಿಕೊಳ್ಳದೆ ಸೈಕಲ್ ಹತ್ತಿ, ಅರ್ಧ ದಿನ ತುಳಿದು, ಇಳಿದವನೇ ಓಡತೊಡಗಿದ. ಕೊನೆಯಲ್ಲಿ ಕುಂಟುತ್ತಿದ್ದ, ಆದರೆ ನಗುತ್ತಿದ್ದ. ಇದರಲ್ಲಿ ಏನೋ ಮೋಸ ಇದೆ ಎಂದು ವೀಡಿಯೊವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಮೋಸ ಸಿಗಲಿಲ್ಲ. ಸಂಜೆಯ ಹೊತ್ತಿಗೆ ನನಗೇ ಅದು ಬೇಕು ಅನಿಸಿತ್ತು. ಹೆಂಡತಿ ಸುರೇಖಾ ಎಲ್ಲ ಕೇಳಿಸಿಕೊಂಡು, "ಮೂರೂ ಒಂದೇ ದಿನಾನ್ರಿ? ನಡುವ ಊಟ?" ಎಂದಳು. ನಡುನಡುವೆ ಬಾಳೆಹಣ್ಣು ಎಂದೆ. "ಹಂಗಿದ್ರ ಮಾಡ್ರಿ, ಅಡಗಿ ಕೆಲಸ ಇಲ್ಲ" ಎಂದಳು.

ತಯಾರಿ ಸುರುವಾಯಿತು. ಈಜುವುದಕ್ಕೆ ಇಲ್ಲಿ ಕಲ್ಲಿನ ಖಣಿಗಳಲ್ಲಿ ನಿಂತ ನೀರು ಬೇಕಾದಷ್ಟಿದೆ, ಆದರೆ ಬೆಳಗಿನ ಜಾವ ಖಣಿಯ ಅಂಚಿನಲ್ಲಿ ಒಬ್ಬನೇ ನಿಂತವನನ್ನು ನಮ್ಮ ಊರಿನ ಮಂದಿ ಬೇರೆಯೇ ಅರ್ಥದಲ್ಲಿ ನೋಡಿ ಓಡಿ ಬಂದು ಹಿಡಿದುಕೊಳ್ಳುತ್ತಾರೆ. ಹಾಗಾಗಿ ಪರಿಚಯದವರೊಬ್ಬರ ತೋಟದ ಬಾವಿಗೆ ಹೋದೆ. ದುಂಡನೆಯ ಬಾವಿ. ಅದರಲ್ಲಿ ದೂರ ಈಜುವುದೆಂದರೆ ಸುತ್ತುವುದು. ತಿಂಗಳುಗಟ್ಟಲೆ ಎಡಕ್ಕೆ ಸುತ್ತಿ ಸುತ್ತಿ ನನಗೆ ನೇರವಾಗಿ ಈಜುವುದೇ ಮರೆತುಹೋಯಿತು, ನೆಲದ ಮೇಲೆ ನಡೆಯುವಾಗಲೂ ಎಡಕ್ಕೆ ಎಳೆಯುತ್ತಿತ್ತು. ಇದಕ್ಕೂ ದಯವಿಟ್ಟು ರಾಜಕೀಯದ ಅರ್ಥ ಹಚ್ಚಬೇಡಿ. ಆಗಲೇ ಸಾಕಷ್ಟು ಹಚ್ಚಿದ್ದಾರೆ.

ಚಿಕ್ಕಂದಿನಲ್ಲಿ ನನಗೆ ಈಜು ಕಲಿಸಿದ್ದು ಶರಣಣ್ಣ. ನನ್ನ ದೊಡ್ಡಪ್ಪನ ಮಗ, ನನಗಿಂತ ಹತ್ತು ವರ್ಷ ದೊಡ್ಡವನು. ನಾಲವಾರದ ಹತ್ತಿರದ ನಮ್ಮೂರಿನಲ್ಲಿ ನಮ್ಮದು ಒಂದೇ ಅಂಗಳ. ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಬಾವಿಗೆ ಇಳಿಸಿ ತಾನು ಮೆಟ್ಟಿಲ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ. "ಹಗ್ಗ ನನ್ನ ಕೈಯಾಗೇ ಅದ, ನೀ ಹೊಡಿ ಕೈ" ಎನ್ನುತ್ತಿದ್ದ. ಎರಡೂ ಕೈಯಲ್ಲಿ ಶೇಂಗಾ ಇದ್ದವನ ಕೈಯಲ್ಲಿ ಹಗ್ಗ ಹೇಗೆ ಇರುತ್ತದೆ ಎಂದು ನಾನು ಪ್ರತಿ ಸಲ ತಿರುಗಿ ನೋಡಿ ನೀರು ಕುಡಿಯುತ್ತಿದ್ದೆ. ಹಗ್ಗ ಅವನ ಕಾಲ ಕೆಳಗೆ ಇರುತ್ತಿತ್ತು, ಗಟ್ಟಿಯಾಗಿ ತುಳಿದುಕೊಂಡಿರುತ್ತಿದ್ದ. ಅಣ್ಣನೆಂದರೆ ನನಗೆ ಭಾಳ ಪ್ರೀತಿ, ಇಂದಿಗೂ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಅವನ ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಣ್ಣದ ವರ್ಷ ನನ್ನ ಬದುಕಿನಲ್ಲಿ ಒಂದೂ ಇಲ್ಲ. ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲುವಾಗ ಮುಂದೆ ಅಣ್ಣ, ಹಿಂದೆ ನೀರಿನ ಚೊಂಬು ಹಿಡಿದ ನಾನು. ದೀಪಾವಳಿಗೆ ಊರಿಗೆ ಹೋದಾಗಲೇ "ಎಳ್ಳಮಾಸಿಗಿ ಲಗೂ ಬಾ" ಎಂದು ಅವನು ಹೇಳುವುದು ರೂಢಿ.

ಅಣ್ಣ ನಮ್ಮೂರ ಗ್ರಾಮ ಪಂಚಾಯಿತಿ ಮೆಂಬರು. ಮೂರು ಸಲ ಆರಿಸಿ ಬಂದಿದ್ದಾನೆ. ಬೀದಿದೀಪ ಆರಿದರೆ, ನಳ ಕೆಟ್ಟರೆ ಜನ ಅವನನ್ನು ಬೈಯುತ್ತಾರೆ, ಬೈಸಿಕೊಳ್ಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ನನ್ನ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇದೆ, ಅಣ್ಣನಿಗೆ ಒಂದು ಓಟು ಕಡಿಮೆಯಾಗಬಾರದು ಎಂದು. ಆ ವರ್ಷ ಪಂಚಾಯಿತಿ ಚುನಾವಣೆಯ ಗಾಳಿ ಎದ್ದಿತ್ತು. ನಾನು ದಿನಾ ಬೆಳಿಗ್ಗೆ ಸೈಕಲ್ ಹತ್ತಿ ಆ ಸೀಮೆಯ ಹಳ್ಳಿಹಳ್ಳಿ ತಿರುಗುತ್ತಿದ್ದೆ. ಎದುರಾದವರಿಗೆ ನಮಸ್ಕಾರ ಎನ್ನುತ್ತಿದ್ದೆ, ನಾಯಿ ಬಿಡಬಾರದೆಂಬ ಒಂದೇ ಕಾರಣಕ್ಕೆ. ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಿದ್ದೆ. ನೀವೇ ಹೇಳಿ, ಚುನಾವಣೆಯ ಮುಂದೆ ಇವನ್ನು ಯಾರು ಮಾಡುತ್ತಾರೆ?

ಅಂಗಿಯದೂ ಒಂದು ತಾಪತ್ರಯ. ಕೇಸರಿ ಹಾಕಿದರೆ ಒಂದು ಪಕ್ಷ, ಹಸಿರು ಹಾಕಿದರೆ ಇನ್ನೊಂದು, ನೀಲಿಗೂ ಕೆಂಪಿಗೂ ಹಕ್ಕುದಾರರಿದ್ದಾರೆ. ಬಿಳಿ ಹಾಕಿದ ದಿನವಂತೂ ಒಬ್ಬ ಮುದುಕ ಸೈಕಲ್ ಅಡ್ಡಗಟ್ಟಿ ತನ್ನ ಪಿಂಚಣಿಯ ವಿಷಯ ಹೇಳಿದ. ಕೊನೆಗೆ ಬೂದಿ ಬಣ್ಣದ್ದು ಕೊಂಡೆ. ಸಿಮೆಂಟಿನ ಧೂಳು ಕೂತ ನಮ್ಮ ರಸ್ತೆಗಳಲ್ಲಿ ಅದನ್ನು ತೊಟ್ಟವನು ಯಾರಿಗೂ ಕಾಣುವುದಿಲ್ಲ. ಲಾರಿಗಳಿಗೂ ಕಾಣುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ನವರಾತ್ರಿಯ ಹೊತ್ತಿಗೆ ಅಣ್ಣನ ಫೋನು ಬಂತು. ನಾನು ವಾಡಿಯಾಚೆ ಎದುರುಗಾಳಿಯಲ್ಲಿ ತುಳಿಯುತ್ತಿದ್ದೆ.

"ಏನ್ ನಡಸೀಯೋ ತಮ್ಮಾ? ಮಂದಿ ಏನೇನೋ ಅನ್ಲಿಕತ್ತಾರ."

"ಈ ಸಲ ಓಟಕ್ಕ ನಿಂತೀನಿ ಅಣ್ಣಾ. ಏನಾದ್ರೂ ಹಿಂದ ಸರಿಯಂಗಿಲ್ಲ."

"ಯಾರು ನಿಲ್ಲಿಸ್ಯಾರ ನಿನಗ?"

"ಯಾರೂ ಇಲ್ಲ. ನಾನೇ ನಿಂತೀನಿ. ಊರೂರು ತಿರಗಲಿಕತ್ತೀನಿ, ಮಂದೀನೂ ಭಾಳ ಚಲೋ ಮಾತಾಡಸ್ತಾರ."

"ನನಗೊಂದು ಮಾತು ಕೇಳಬೇಕಿತ್ತಲ್ಲ."

"ನೀ ಬ್ಯಾಡ ಅಂತೀದಿ, ಅದಕ್ಕೇ ಹೇಳಲಿಲ್ಲ" ಎಂದು ನಕ್ಕೆ. ಫೋನು ಕಟ್ಟಾಯಿತು. ನಾನು ನೆಟ್‌ವರ್ಕನ್ನು ಬೈದುಕೊಂಡು ಮುಂದೆ ತುಳಿದೆ.

ಪುಸ್ತಕದ ಕನ್ನಡದಲ್ಲಿ ಓಟ ಬೇರೆ, ಓಟು ಬೇರೆ. ನಮ್ಮ ಬಾಯಲ್ಲಿ ಅಷ್ಟೊಂದು ಶಿಸ್ತಿಲ್ಲ. ಓಟ ಹಾಕಿ ಬಂದೆವು ಎನ್ನುತ್ತೇವೆ, ಓಟಕ್ಕೆ ನಿಂತಿದ್ದಾರೆ ಎನ್ನುತ್ತೇವೆ. ಕಾಲಿನಿಂದ ಓಡುವ ಓಟಕ್ಕೆ ನಿಲ್ಲುವುದು ಶಾಲೆಯ ಹುಡುಗರು, ಅದೂ ಆಗಸ್ಟ್ ಹದಿನೈದಕ್ಕೆ. ಚಷ್ಮಾ ಅಂಗಡಿ ಇಟ್ಟ ಬಕ್ಕತಲೆಯವನು ನಿಂತರೆ ಅದು ಒಂದೇ ಓಟ. ಇದೆಲ್ಲ ನನಗೆ ಹೊಳೆಯಲೇ ಇಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಣ್ಣ ನನ್ನನ್ನು "ಬರ್ರಿ, ಕುಂದ್ರಿ" ಎಂದು ಬಹುವಚನದಲ್ಲಿ ಮಾತಾಡಿಸಿದ ಮೇಲೆಯೇ ಹೊಳೆದದ್ದು.

ಬಿಡಿಸಿ ಹೇಳಿದೆ. ಈಜು, ಸೈಕಲ್, ಓಟ, ಮೂರೂ ಒಂದೇ ದಿನ ಎಂದೆ. ವೀಡಿಯೊ ತೋರಿಸಿದೆ. ಅಣ್ಣ ಫೋನನ್ನು ದೂರ ಹಿಡಿದು ಪೂರ್ತಿ ನೋಡಿದ.

"ಇಷ್ಟು ಮಾಡಿದ್ರ ಏನ್ ಕೊಡ್ತಾರ?"

"ಏನೂ ಕೊಡಂಗಿಲ್ಲ. ನಾವೇ ಫೀ ಕಟ್ಟಬೇಕು."

ಅಲ್ಲಿಗೆ ಮುಗಿಯಿತು. ಅಣ್ಣ ಫೋನು ವಾಪಸು ಕೊಟ್ಟು, "ಏನೂ ಸಿಗದ ಕೆಲಸಕ್ಕ ಈ ಸೀಮ್ಯಾಗ ಯಾರೂ ಇಷ್ಟು ಬೆವರು ಸುರಸಂಗಿಲ್ಲ. ನಿಲ್ಲೂದಿದ್ರ ನಿಲ್ರಿ, ನನ್ನ ಮುಂದ ಸುಳ್ಳು ಯಾಕ?" ಎಂದ. "ಸೈಕಲ್ಲೇ ನಿಮ್ಮ ಗುರ್ತೇನು?" ಎಂದೂ ಕೇಳಿದ. ನಾನು ಹೊರಟು ನಿಂತಾಗ ಎಳ್ಳಮಾಸಿಯ ಮಾತು ಬರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ನೆವದಲ್ಲಿ ಬೇಕೆಂದೇ ತಡಮಾಡಿದೆ. ಆಗಲೂ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ನನ್ನ ಜೊತೆ ಬಂದಿದ್ದ ಸುರೇಖಾ ಕಿಟಕಿಯ ಕಡೆ ನೋಡುತ್ತಾ ಕೂತಳು.

ಅಲ್ಲಿಂದ ನನಗೂ ಅನುಮಾನದ ರೋಗ ಜೋರಾಯಿತು. ರಸ್ತೆಯಲ್ಲಿ ಒಂದು ಮೋಟರ್‌ಸೈಕಲ್ ಎರಡು ಸಲ ಎದುರಾದರೆ ಅದು ಅಣ್ಣನ ಕಡೆಯವನದು. ಒಂದು ಬೆಳಿಗ್ಗೆ ಎರಡೂ ಗಾಲಿ ಒಟ್ಟಿಗೆ ಪಂಕ್ಚರಾದಾಗ ಇದು ಯಾರ ಕೆಲಸ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ತೆಗೆದು ನೋಡಿದರೆ ಜಾಲಿಯ ಮುಳ್ಳು. ಆದರೂ ಅದನ್ನು ಒಂದು ವಾರ ಅಂಗಡಿಯ ಮೇಜಿನ ಮೇಲೆ ಇಟ್ಟುಕೊಂಡು, ಗಿರಾಕಿಯ ಕಣ್ಣಿಗಿಡುವ ಭೂತಗನ್ನಡಿಯಲ್ಲಿ ಪರೀಕ್ಷಿಸಿದೆ.

ನಾನು ಹೋಗಬೇಕಿದ್ದ ಪಂದ್ಯ ದೂರದ ಸಮುದ್ರದ ದಂಡೆಯಲ್ಲಿತ್ತು. ಫೀ ಕಟ್ಟುವ ದಿನ ಸುರೇಖಾ ತಡೆದಳು. "ಅಲ್ಲಿ ಮಾಡಿ ಫೋಟೊ ತಂದ್ರ ಅಣ್ಣಾರು ನಂಬ್ತಾರೇನ್ರಿ? ಫೋಟೊದಾಗ ಈಗ ಏನ್ ಬೇಕಾದ್ರೂ ಮಾಡ್ತಾರ. ಇಲ್ಲೇ ಮಾಡ್ರಿ. ಓಡಿ ಓಡಿ ಅಣ್ಣಾರ ಮುಂದೇ ಹೋಗಿ ನಿಂದ್ರಿ. ಕಣ್ಣಿಂದ ನೋಡ್ಲಿ." ನನಗಿಂತ ಅವಳಿಗೆ ಎಳ್ಳಮಾಸಿ ಮುಖ್ಯ ಎಂಬ ಸಂಶಯ ಬಂತು. ಆಮೇಲೆ ನೋಡಿದರೆ ನನಗೂ ಅದೇ ಮುಖ್ಯವಾಗಿತ್ತು.

ಹೀಗೆ ನಮ್ಮ ಮನೆಯ ಟ್ರಯಥ್ಲಾನ್ ನಿಗದಿಯಾಯಿತು. ಚಿಂಚೋಳಿ ಕಡೆಯ ಒಂದು ದೊಡ್ಡ ಕೆರೆಯಲ್ಲಿ ಈಜು. ಅಲ್ಲಿಂದ ಸೇಡಂ, ಚಿತ್ತಾಪುರ, ವಾಡಿಯವರೆಗೆ ಸೈಕಲ್. ವಾಡಿಯಿಂದ ಅಣ್ಣನ ಊರಿಗೆ ಓಟ. ಪಂದ್ಯದ ಲೆಕ್ಕಕ್ಕೆ ಒಂದಿಷ್ಟು ಹೆಚ್ಚೇ ಆಗುತ್ತಿತ್ತು. ನೀರು, ಬಾಳೆಹಣ್ಣು ಹೊತ್ತು ಹಿಂದೆ ಬರಲು ನನ್ನ ಶಾಲೆಯ ಗೆಳೆಯ ಖಾಜಾ ಒಪ್ಪಿದ. ಅವನದು ಊರೂರು ಉಳ್ಳಾಗಡ್ಡಿ ಮಾರುವ ಗೂಡ್ಸ್ ಆಟೊ. ಕೆರೆಗೆ ಹತ್ತಿರದ ಚಂದಾಪುರದ ಅವನ ಅತ್ತೆಮನೆಯಲ್ಲಿ ಹಿಂದಿನ ದಿನವೇ ಹೋಗಿ ಮಲಗಿದೆವು. ಆ ಮನೆಯವರು ಪ್ರೀತಿಯಿಂದ ಬಡಿಸಿದರು, ಬಡಿಸುತ್ತಲೇ ನಾನು ಯಾರಿಂದ ತಪ್ಪಿಸಿಕೊಂಡು ಬಂದಿರಬಹುದು ಎಂದು ಒಳಗೆ ಪಿಸುಗುಟ್ಟಿದರು.

ಬೆಳಿಗ್ಗೆ ಕುಂಚಾವರಂ ಕಾಡಿನ ಕಡೆಯಿಂದ ಬಂದ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಖಾಜಾ ಲಾರಿಯ ಟ್ಯೂಬಿನ ಮೇಲೆ ಕೂತು, ಒಂದು ತಟ್ಟೆಯಿಂದ ನೀರು ತಳ್ಳುತ್ತಾ ನನ್ನ ಪಕ್ಕ ಬಂದ. ಅವನಿಗೆ ಈಜು ಬರುವುದಿಲ್ಲ, ನನ್ನನ್ನು ಕಾಯಲು ಬಂದವನು. ಕೆರೆಗೆ ಬಾವಿಯಂತೆ ಗೋಡೆ ಇಲ್ಲ. ನಾನು ರೂಢಿಯಂತೆ ಎಡಕ್ಕೆ ತಿರುಗತೊಡಗಿದೆ. "ಅರೆ ಯಾರ್, ಎಲ್ಲೀಗಿ ಹೊಂಟಿದಿ? ದಂಡಿ ಈ ಕಡಿ ಅದ" ಎಂದು ಖಾಜಾ ಕೂಗುತ್ತಲೇ ಇದ್ದ. ನೇರ ಹೋಗಿದ್ದರೆ ಬೇಗ ಮುಗಿಯುತ್ತಿತ್ತು. ಕೆರೆಯಲ್ಲಿ ಮೂರ್ನಾಲ್ಕು ದೊಡ್ಡ ಸೊನ್ನೆ ಬರೆದು ಕೊನೆಗೆ ದಂಡೆ ಮುಟ್ಟಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತೆಲುಗಿನಲ್ಲಿ ಏನೋ ಅಂದುಕೊಂಡು ಬಿಂದಿಗೆಗಳನ್ನು ಹತ್ತಿರ ಎಳೆದುಕೊಂಡರು.

ಸೇಡಮ್ಮಿನವರೆಗೆ ಎಲ್ಲ ಸರಿಯಿತ್ತು. ಪೇಟೆಯ ಗದ್ದಲದಲ್ಲಿ ಎತ್ತಿನಗಾಡಿ, ಟಂಟಂ ಆಟೊಗಳ ನಡುವೆ ದಾರಿ ಸಿಗದೆ ನಾನು ಒದ್ದಾಡುತ್ತಿದ್ದಾಗ ಖಾಜಾನಿಗೆ ತನ್ನ ಆಟೊದ ಮೈಕು ನೆನಪಾಯಿತು. ಅವನು ಒತ್ತಿದ ಕೂಡಲೇ ಮೊದಲು ಉಳ್ಳಾಗಡ್ಡಿಯ ರೇಟು ಬಂತು. ಅದನ್ನು ನಿಲ್ಲಿಸಿ ತಾನೇ ಮಾತಾಡಿದ. "ಜರಾ ದಾರಿ ಬಿಡ್ರಿ. ನಮ್ಮ ಈರಣ್ಣನವರು ಬರಾಕತ್ತಾರ. ಓಟದಾಗ ಅವರೇ ಮುಂದ ಅದಾರ." ಜನ ದಾರಿ ಬಿಟ್ಟರು. ಕೆಲವರು ಕೈ ಮುಗಿದರು. ನಾನು ಹ್ಯಾಂಡಲ್ ಬಿಟ್ಟು ತಿರುಗಿ ಮುಗಿಯಲಾರದೆ ತಲೆಬಾಗಿಸಿದೆ. ಚಿತ್ತಾಪುರದಲ್ಲಿ ನೀರಿಗೆ ನಿಂತರೆ, ಚಹಾ ಅಂಗಡಿಯ ಮುಂದೆ ಕೂತಿದ್ದ ಒಬ್ಬ ಪರಿಚಯಸ್ಥ, "ಸೇಡಂದಾಗ ಭಾರಿ ಪ್ರಚಾರ ನಡಿಸಿದಿರಂತ? ನಿಮ್ಮ ಅಣ್ಣಾರಿಗಿ ಫೋನ್ ಹೋಗ್ಯಾದ" ಎಂದ. ಸುದ್ದಿ ನನ್ನ ಸೈಕಲ್ಲಿಗಿಂತ ಮುಂದಿತ್ತು. ಖಾಜಾನಿಗೆ ಮೈಕಿನ ವೈರು ಕಿತ್ತು ಕೈಗೆ ಕೊಡಲು ಹೇಳಿದೆ, ಅದನ್ನು ಜೇಬಿನಲ್ಲಿಟ್ಟುಕೊಂಡೇ ಮುಂದೆ ಹೊರಟೆ.

ವಾಡಿಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಮುಗಿಯುವುದೇ ಇಲ್ಲ ಎಂಬಂತೆ ಹೋಯಿತು. ನಿಂತ ಕಾಲುಗಳು ಕಲ್ಲಾದವು. ಸೈಕಲ್ಲನ್ನು ಆಟೊಗೆ ಏರಿಸಿ ಓಡತೊಡಗಿದಾಗ ಕಾಲು ನನ್ನವೇ ಎಂಬುದರ ಮೇಲೂ ಸಂಶಯ ಬಂತು. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು, ಬಿಸಿಲು ನೆತ್ತಿಯಿಂದ ಜಾರಿತ್ತು. ಆ ರಸ್ತೆಯಲ್ಲಿ ಒಂದು ವಿಚಾರ ನನ್ನ ಜೊತೆ ಓಡಿಬಂತು. ಸೇಡಮ್ಮಿನಲ್ಲಿ ಜನ ಕೈ ಮುಗಿದಾಗ ನನಗೆ ಹಿತವಾಗಿರಲಿಲ್ಲವೇ? ಪಿಂಚಣಿಯ ಮುದುಕನಿಗೆ ನೋಡೋಣ ಎಂದು ಹೇಳಿದ್ದು ನಾನೇ ಅಲ್ಲವೇ? ಅಣ್ಣನ ಅನುಮಾನ ಪೂರ್ತಿ ಸುಳ್ಳೆಂದು ಅಣ್ಣನ ಮುಂದೆ ಹೇಳಬಲ್ಲೆ, ಆ ಖಾಲಿ ರಸ್ತೆಯಲ್ಲಿ ನನಗೆ ನಾನೇ ಹೇಳಿಕೊಳ್ಳಲು ಆಗಲಿಲ್ಲ. ಅಳು ಬಂತು. ಬೆವರಿನ ಜೊತೆ ಅದೂ ಹೋಯಿತು.

ಸಂಜೆ ಬಿಸಿಲಿನಲ್ಲಿ ಊರು ಮುಟ್ಟಿದೆ. ಪಂಚಾಯಿತಿಯ ಮುಂದಿನ ಕಟ್ಟೆಯ ಮೇಲೆ ಅಣ್ಣ ಕೂತಿದ್ದ, ಸುತ್ತ ಏಳೆಂಟು ಜನ. ಅಣ್ಣ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಎಷ್ಟು ಜನ ಬರುತ್ತಿದ್ದಾರೆ ಎಂದು ನೋಡಿದ. ಬಂದದ್ದು ಮೂಕವಾದ ಒಂದು ಆಟೊ. ಕಟ್ಟೆ ಇನ್ನು ನಾಲ್ಕು ಮಾರು ಇರುವಾಗ ಎಡಗಾಲಿನ ಮೀನಖಂಡ ಗಂಟು ಕಟ್ಟಿತು. ಮಾತಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿದ್ದ ಮಾತೆಲ್ಲ ಹೋಗಿ, ಎಲ್ಲರ ಮುಂದೆ ಧೂಳಿನಲ್ಲಿ ಕುಕ್ಕರಿಸಿ, ಎರಡೂ ಕೈಯಲ್ಲಿ ಕಾಲು ಹಿಡಿದುಕೊಂಡು ನರಳಿದೆ.

ಯಾರೂ ಅಲುಗಾಡಲಿಲ್ಲ. ಇದೂ ಒಂದು ನಾಟಕವೇ ಎಂದು ಲೆಕ್ಕ ಹಾಕುತ್ತಿದ್ದರು. ಅಣ್ಣ ಕಟ್ಟೆಯಿಂದ ಇಳಿದು ಬಂದು ನೋಡಿದ.

"ಓಟು ಕೇಳೋರು ಮಂದಿ ಕಾಲು ಹಿಡೀತಾರ" ಎಂದ. "ಇಂವ ತನ್ನ ಕಾಲೇ ಹಿಡಕೊಂಡು ಕುಂತಾನ."

ಏಕವಚನ ಕೇಳಿ ನೋವು ಅರ್ಧ ಇಳಿಯಿತು. ಅಣ್ಣ ನೆಲದ ಮೇಲೆ ಕೂತು, ನನ್ನ ಬೂಟು ಕಿತ್ತು, ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ದೊಡ್ಡವನು ಚಿಕ್ಕವನ ಕಾಲು ಮುಟ್ಟುವುದು ನಮ್ಮಲ್ಲಿಲ್ಲ. ನಾನು ಬೇಡ ಬೇಡ ಎಂದು ಎಳೆದುಕೊಂಡೆ. "ಸುಮ್ನ ಕುಂದ್ರು" ಎಂದು ಗದರಿಸಿ, ಬೆರಳಿನ ಬೊಬ್ಬೆಗಳನ್ನೂ ಕಪ್ಪಾದ ಉಗುರನ್ನೂ ತಿರುಗಿಸಿ ನೋಡಿ, ಮೀನಖಂಡವನ್ನು ಹಿಟ್ಟು ನಾದಿದಂತೆ ನಾದಿದ. ಸ್ವಲ್ಪ ಹೊತ್ತಿನ ಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

"ಎಷ್ಟು ಮಂದಿ ಓಡಿದ್ರಿ?"

"ನಾ ಒಬ್ಬನೇ."

"ಹಂಗಾರ ಅವಿರೋಧ ಆಯ್ಕಿ ಆಗ್ಯಾದ ಬಿಡು" ಎಂದ. ಅವನ ಮುಖ ನಗಲಿಲ್ಲ, ಹೆಬ್ಬೆರಳು ಮಾತ್ರ ಸ್ವಲ್ಪ ಮೆತ್ತಗಾಯಿತು.

ಮನೆಗೆ ಬಂದ ಮೇಲೆ ಎರಡು ದಿನ ಮೆಟ್ಟಿಲನ್ನು ಕೂತುಕೊಂಡೇ ಇಳಿದೆ. ಮೂರನೆಯ ದಿನ ಅಂಗಡಿಗೆ ನಾಲವಾರದ ಕಡೆಯ ಒಬ್ಬ ಗಿರಾಕಿ ಬಂದ. ಫ್ರೇಮು ಹಾಕಿ ನೋಡುತ್ತಾ, "ನೀವು ಬರಾಬರಿ ಮಾಡಿದ್ರಿ. ನಿಮ್ಮ ಅಣ್ಣಾರು ಎಲ್ಲಾರ ಮುಂದ ನಿಮ್ಮ ಕಾಲು ಹಿಡದ್ರಂತಲ್ಲ, ನಾಮಿನೇಶನ್ ಹಾಕಬ್ಯಾಡ ಅಂತ?" ಎಂದ. ಮೂರು ಸಲ ಆರಿಸಿ ಬಂದವನ ಮಾನ ನನ್ನ ಒಂದು ಮೀನಖಂಡಕ್ಕೆ ಹೋಗಿತ್ತು. ಗಿರಾಕಿಯನ್ನು ಅಲ್ಲೇ ಕೂರಿಸಿ ಹಿಂದಿನ ಕೋಣೆಗೆ ಹೋಗಿ ಅಣ್ಣನಿಗೆ ಫೋನು ಮಾಡಿದೆ.

"ಮಂದಿ ಅನ್ನೂದು ಕೇಳಿದಿ ಏನ್ ಅಣ್ಣಾ?"

"ಕೇಳೀನಿ."

"ನೀ ಹೇಳಬೇಕಿಲ್ಲ? ತಮ್ಮನ ಕಾಲು ಹಿಡಕೊಂಡಿತ್ತು, ತಿಕ್ಕಿದೆ ಅಂತ."

"ಹೇಳೀನೋ. ಎಲ್ಲಾರಿಗೂ ಹೇಳೀನಿ. ಖರೇ ಹೇಳಿದ್ರ ಒಬ್ಬನೂ ನಂಬವಲ್ಲ."

ಇಬ್ಬರೂ ಫೋನು ಇಡಲಿಲ್ಲ. ಆ ಕಡೆ ಅವನ ಎಮ್ಮೆ ಒಮ್ಮೆ ಕೂಗಿತು.

"ಎಳ್ಳಮಾಸಿಗಿ ಲಗೂ ಬಾ" ಎಂದ ಅಣ್ಣ. "ಬಸ್ಸಿನ್ಯಾಗ ಬಾ."